ಟವೆಲ್ ಹಾಕಿದ ಮಾತ್ರಕ್ಕೆ ಸೀಟು ನಮ್ಮದಾಗದು
ಒಂದೇ ಅಪ್ಲಿಕೇಶನ್ನಿಗೆ ಪ್ರೊಸೆಸರ್ ಕೋರ್ ಮೀಸಲಿಡುವ ಬಗ್ಗೆ

(ವಾಷಿಂಗ್ಟನ್ ಡಿ.ಸಿ. ಸುತ್ತಮುತ್ತ, ಅಟ್ಲಾಂಟಾ ಮತ್ತು ಎರಡೂ ಕೆರೊಲಿನಾಗಳ ಕನ್ನಡಿಗ ಇಂಜಿನಿಯರುಗಳು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ.)



ಶನಿವಾರದ ಮಧ್ಯಾಹ್ನ, ಮಕ್ಕಳ ಸಾಕರ್ ಆಟ, ವಾರದ ದಿನಸಿ ಎಲ್ಲವನ್ನೂ ಬಿಟ್ಟು ಆಪರೇಟಿಂಗ್ ಸಿಸ್ಟಮ್ ಬಗ್ಗೆ ಕೇಳಲು ಇಷ್ಟು ಜನ ಕೂತಿದ್ದೀರಿ. ಅದೂ ಕನ್ನಡದಲ್ಲಿ. ನಾವು ವಾರವಿಡೀ ಮಾಡುವ ಕೆಲಸದ ಬಗ್ಗೆ ನಮ್ಮ ಭಾಷೆಯಲ್ಲಿ ಒಂದು ಗಂಟೆ ಮಾತಾಡಿಕೊಳ್ಳೋಣ ಎಂಬುದಷ್ಟೇ ಇವತ್ತಿನ ಉದ್ದೇಶ. ಕರ್ನಲ್, ಥ್ರೆಡ್, ಇಂಟರಪ್ಟ್ ಇವಕ್ಕೆಲ್ಲ ನಾನು ಹೊಸ ಪದ ಹುಡುಕಲು ಹೋಗಿಲ್ಲ. ಒಂದು ಪದ ಮಾತ್ರ ನಮ್ಮಲ್ಲೇ ಸೊಗಸಾಗಿದೆ, ಅದನ್ನು ಬಳಸುತ್ತೇನೆ: ಮೀಸಲು.

ಮೀಸಲು ಎಂದರೆ ಬರೀ ತೆಗೆದಿಟ್ಟಿದ್ದು ಅಲ್ಲ. ದೇವರಿಗೆಂದು ಮೀಸಲಿಟ್ಟ ಬೆಣ್ಣೆಯನ್ನು ಮನೆಯಲ್ಲಿ ಬೇರೆ ಯಾರೂ ಮುಟ್ಟುವುದಿಲ್ಲ. ಮಕ್ಕಳು ಅತ್ತರೂ ಇಲ್ಲ. ಇನ್ನೊಂದು ಬಗೆಯ ಕಾಯ್ದಿರಿಸುವಿಕೆಯೂ ನಮಗೆಲ್ಲ ಗೊತ್ತು. ಊರಿನ ಬಸ್ ನಿಲ್ದಾಣದಲ್ಲಿ ಬಸ್ಸು ಇನ್ನೂ ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದು. ಟವೆಲ್ ಇದೆ ಎಂದು ಕೆಲವರು ಬಿಡುತ್ತಾರೆ. ಕೆಲವರು ಅದನ್ನು ಪಕ್ಕಕ್ಕೆ ಸರಿಸಿ ಕೂರುತ್ತಾರೆ. ನಾವು ಬಾಗಿಲಿನಿಂದ ನುಗ್ಗಿ ಬರುವ ಹೊತ್ತಿಗೆ ಜಗಳ ಶುರು.

ಸಾಫ್ಟ್‌ವೇರಿನಲ್ಲಿ ಬಹಳ ಜನ 'ಕೋರ್ ಮೀಸಲಿಟ್ಟಿದ್ದೇವೆ' ಎಂದು ಹೇಳುವಾಗ ನಿಜವಾಗಿ ಮಾಡಿರುವುದು ಟವೆಲ್ ಎಸೆಯುವ ಕೆಲಸ. ಇವೆರಡಕ್ಕೂ ಇರುವ ವ್ಯತ್ಯಾಸವೇ ನನ್ನ ಮಾತಿನ ಮೊದಲ ಭಾಗ. ಯಾರಿಗೆ ಮೀಸಲಿಡಬೇಕು, ಯಾರಿಗೆ ಇಡಬಾರದು ಎಂಬುದು ಎರಡನೆಯ ಭಾಗ. ನನ್ನ ಅನುಭವದಲ್ಲಿ ಎರಡನೆಯದೇ ಹೆಚ್ಚು ಕಷ್ಟ.

ಶೆಡ್ಯೂಲರ್ ಎಂಬ ಕಂಡಕ್ಟರ್

ಒಂದು ಸರ್ವರಿನಲ್ಲಿ 16 ಕೋರ್ ಇವೆ ಎಂದುಕೊಳ್ಳಿ. ಓಡಬೇಕಾದ ಥ್ರೆಡ್‌ಗಳು ನೂರಾರು. ಯಾವ ಥ್ರೆಡ್ ಯಾವ ಕೋರಿನಲ್ಲಿ ಎಷ್ಟು ಹೊತ್ತು ಕೂರಬೇಕು ಎಂದು ತೀರ್ಮಾನಿಸುವವನು ಶೆಡ್ಯೂಲರ್. ಅವನ ಧರ್ಮ ಸರಳ: ಎಲ್ಲರಿಗೂ ನ್ಯಾಯವಾಗಿ ಸಮಯ ಸಿಗಬೇಕು, ಯಾವ ಕೋರೂ ಸುಮ್ಮನೆ ಖಾಲಿ ಕೂರಬಾರದು. ನಿಮ್ಮ ಲ್ಯಾಪ್‌ಟಾಪಿನಿಂದ ಹಿಡಿದು ದೊಡ್ಡ ಡೇಟಾಬೇಸ್ ತನಕ ನೂರಕ್ಕೆ ತೊಂಬತ್ತು ಕೆಲಸಗಳಿಗೆ ಇದಕ್ಕಿಂತ ಒಳ್ಳೆಯ ನೀತಿ ಇಲ್ಲ.

ತೊಂದರೆ ಬರುವುದು ಗಡುವು ಇರುವ ಕೆಲಸಗಳಿಗೆ. ಸರಾಸರಿಯಲ್ಲಿ ನ್ಯಾಯ ಸಿಕ್ಕರೆ ಅವಕ್ಕೆ ಸಾಲದು, ಪ್ರತಿ ಸಲವೂ ಹೊತ್ತಿಗೆ ಸರಿಯಾಗಿ ಸಿಗಬೇಕು. ಅದಕ್ಕಾಗಿ ಹುಟ್ಟಿಕೊಂಡ ಸವಲತ್ತುಗಳು ಲಿನಕ್ಸಿನಲ್ಲಿ ಒಂದೊಂದಾಗಿ ಬಂದವು. 2003ರ ಡಿಸೆಂಬರಿನಲ್ಲಿ ಬಂದ 2.6 ಆವೃತ್ತಿಯ ಹೊತ್ತಿಗೆ ಒಂದು ಪ್ರೊಸೆಸ್ಸನ್ನು ಇಂಥ ಕೋರುಗಳಲ್ಲೇ ಓಡಿಸು ಎಂದು ಹೇಳುವ ಅಫಿನಿಟಿ ಸೌಲಭ್ಯವಿತ್ತು. ಟಾಸ್ಕ್‌ಸೆಟ್ ಎಂಬ ಆಜ್ಞೆ ಬಳಸುವುದು ಅದನ್ನೇ. 2005ರಲ್ಲಿ 2.6.12ರ ಜೊತೆ ಸಿಪಿಯುಸೆಟ್ ಬಂತು. 2013ರಲ್ಲಿ 3.10ರ ಜೊತೆ, ಒಂದೇ ಥ್ರೆಡ್ ಓಡುತ್ತಿರುವ ಕೋರಿನಲ್ಲಿ ಟೈಮರ್ ಟಿಕ್ಕನ್ನೂ ನಿಲ್ಲಿಸುವ ನೋ ಹೆಚ್‌ಝಡ್ ಫುಲ್ ಬಂತು. ಎಷ್ಟೋ ವರ್ಷ ಹೊರಗಿನ ಪ್ಯಾಚ್ ಆಗಿಯೇ ಉಳಿದಿದ್ದ ರಿಯಲ್ ಟೈಮ್ ಕರ್ನಲ್ ಕೆಲಸ 2024ರ ನವೆಂಬರಿನಲ್ಲಿ 6.12ರ ಜೊತೆ ಮುಖ್ಯ ಲಿನಕ್ಸಿನೊಳಗೆ ಸೇರಿತು.

ಈ ಕೆಲಸದ ಒಂದು ಪಾಲು ನಮ್ಮ ಕೆರೊಲಿನಾ ಗೆಳೆಯರ ಮನೆಬಾಗಿಲಲ್ಲೇ ಇದೆ. ರಾಲಿಯಲ್ಲಿ ಕೇಂದ್ರ ಕಚೇರಿ ಇರುವ ರೆಡ್ ಹ್ಯಾಟ್ ತನ್ನ ಎಂಟರ್‌ಪ್ರೈಸ್ ಲಿನಕ್ಸಿನೊಂದಿಗೆ ಟ್ಯೂನ್‌ಡಿ ಎಂಬ ಸಾಧನ ಕೊಡುತ್ತದೆ. ಅದರಲ್ಲಿ ಸಿಪಿಯು ಪಾರ್ಟಿಶನಿಂಗ್ ಎಂಬ ಒಂದು ಪ್ರೊಫೈಲ್ ಇದೆ. ನಾನು ಈಗ ಹೇಳಲಿರುವ ಹತ್ತಾರು ಹೊಂದಿಕೆಗಳಲ್ಲಿ ಬಹುಪಾಲನ್ನು ಅದು ಒಟ್ಟಿಗೆ ಮಾಡಿಬಿಡುತ್ತದೆ. ಆದರೆ ಅದು ಏನು ಮಾಡುತ್ತದೆ ಎಂದು ತಿಳಿಯದೆ ಹಾಕಿಕೊಂಡರೆ ಕೆಟ್ಟಾಗ ರಿಪೇರಿ ಮಾಡಲು ಬರುವುದಿಲ್ಲ.

ನುಂಗಿಹೋಗುತ್ತಿದ್ದ ಅಕ್ಷರಗಳು

ಈಗ ಒಂದು ನಿಜವಾದ ಪ್ರಸಂಗ. ಕಂಪನಿಯ ಹೆಸರು ಬೇಡ.

ಉತ್ತರ ವರ್ಜೀನಿಯಾದಲ್ಲಿ ನಾನು ಸೇರಿಕೊಂಡ ತಂಡವೊಂದರ ಕೆಲಸ ದೂರವಾಣಿ ಕಾನ್ಫರೆನ್ಸ್ ಸೇತುವೆ ನಡೆಸುವುದು. ಮೂರು ನಾಲ್ಕು ಕಡೆಯಿಂದ ಬಂದ ಧ್ವನಿಯನ್ನು ಕೂಡಿಸಿ ಎಲ್ಲರಿಗೂ ವಾಪಸ್ಸು ಕಳಿಸುವುದು, ಅಷ್ಟೇ. ಅದರ ಗಿರಾಕಿಗಳಲ್ಲಿ ಆಸ್ಪತ್ರೆಗಳಿಗೆ ಫೋನಿನ ಮೂಲಕ ದುಭಾಷಿ ಒದಗಿಸುವವರೂ ಇದ್ದರು. ಡಾಕ್ಟರ್ ಇಂಗ್ಲಿಷಿನಲ್ಲಿ ಹೇಳುತ್ತಾರೆ, ರೋಗಿಗೆ ಇಂಗ್ಲಿಷ್ ಬರುವುದಿಲ್ಲ, ಮೂರನೆಯ ತಂತಿಯಲ್ಲಿ ದುಭಾಷಿ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಇಲ್ಲಿ ಡಾಕ್ಟರ ಬಳಿ ಕರೆದುಕೊಂಡು ಹೋದವರಿಗೆಲ್ಲ ಈ ಫೋನ್ ಗೊತ್ತಿರುತ್ತದೆ.

ದೂರು ಏನೆಂದರೆ, ಆಗಾಗ ಮಾತಿನ ನಡುವೆ ಅಕ್ಷರ ನುಂಗಿಹೋಗುತ್ತದೆ. ಪೂರ್ತಿ ಕಡಿದುಹೋದರೆ ಯಾರಾದರೂ 'ಮತ್ತೆ ಹೇಳಿ' ಎನ್ನುತ್ತಾರೆ. ಒಂದು ಅಕ್ಷರ ಹೋದರೆ ಗೊತ್ತೇ ಆಗುವುದಿಲ್ಲ. ಕನ್ನಡದಲ್ಲಿ ಯೋಚಿಸಿ ನೋಡಿ. 'ಈ ಮಾತ್ರೆ ಊಟಕ್ಕೆ ಮುಂಚೆ ತೊಗೋಬೇಕು', 'ಈ ಮಾತ್ರೆ ಊಟಕ್ಕೆ ಮುಂಚೆ ತೊಗೋಬಾರದು'. ನಮ್ಮ ಭಾಷೆಯಲ್ಲಿ ಬೇಕು ಬೇಡ ಎರಡೂ ವಾಕ್ಯದ ಬಾಲದಲ್ಲಿರುತ್ತವೆ. ಬಾಲ ಕತ್ತರಿಸಿದರೆ ಔಷಧ ಯಾವುದು, ಅಪಾಯ ಯಾವುದು ಎಂಬುದೇ ಉಳಿಯುವುದಿಲ್ಲ. ಇದನ್ನು ನಾವು 'ಆಡಿಯೋ ಕ್ವಾಲಿಟಿ ಇಶ್ಯೂ' ಎಂದು ಟಿಕೆಟ್ಟಿನಲ್ಲಿ ಬರೆದುಕೊಂಡು ಮೂರನೆಯ ದರ್ಜೆಯ ಆದ್ಯತೆ ಕೊಟ್ಟು ಕೂರುವಂತಿರಲಿಲ್ಲ.

ಲೆಕ್ಕ ಹೀಗಿದೆ. ಫೋನಿನ ಧ್ವನಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನ ತುಂಡುಗಳಾಗಿ ಹೋಗುತ್ತದೆ, ಅಂದರೆ ಸೆಕೆಂಡಿಗೆ 50 ಪ್ಯಾಕೆಟ್. ಪ್ರತಿ 20 ಮಿಲಿಸೆಕೆಂಡಿಗೆ ಒಮ್ಮೆ ನಮ್ಮ ಮಿಕ್ಸರ್ ಎದ್ದು, ಎಲ್ಲರ ತುಂಡನ್ನು ಕೂಡಿಸಿ, ಕಳಿಸಿ, ಮಲಗಬೇಕು. ಒಂದು ತುಂಡು ತಡವಾದರೆ ಆ ಕಡೆಯ ಫೋನು ಹೇಗೋ ಮರೆಮಾಚುತ್ತದೆ. ಐದಾರು ಒಟ್ಟಿಗೆ ತಡವಾದರೆ ಅಷ್ಟೂ ವ್ಯರ್ಥ. ಹೊತ್ತು ಮೀರಿ ಬಂದ ಧ್ವನಿಯನ್ನು ಎಸೆಯದೆ ಬೇರೆ ದಾರಿಯಿಲ್ಲ. ಅದೇ ಒಂದು ಅಕ್ಷರ.

ವಿಚಿತ್ರವೆಂದರೆ ಯಂತ್ರ ಅರ್ಧಕ್ಕಿಂತ ಹೆಚ್ಚು ಖಾಲಿ ಇತ್ತು. ಮೇಲಿನವರು ಗ್ರಾಫ್ ನೋಡಿ 'ಸಿಪಿಯು ತೊಂದರೆ ಅಲ್ಲವೇ ಅಲ್ಲ' ಎನ್ನುತ್ತಿದ್ದರು. ಅದಕ್ಕೂ ಮಿಗಿಲಾಗಿ, ನಾನು ಸೇರುವ ಮೊದಲೇ ಟಾಸ್ಕ್‌ಸೆಟ್ ಬಳಸಿ ಮಿಕ್ಸರಿಗೆ 2ರಿಂದ 5ರ ತನಕ ನಾಲ್ಕು ಕೋರುಗಳನ್ನು 'ಕಾಯ್ದಿರಿಸಲಾಗಿತ್ತು'. ಆದ್ದರಿಂದ ತಪ್ಪು ನೆಟ್‌ವರ್ಕಿನದೇ ಎಂದು ಎಲ್ಲರೂ ನಂಬಿದ್ದರು.

ಆ ಸೀಟಿನಲ್ಲಿ ಇನ್ನೂ ಯಾರು ಯಾರು ಕೂತಿದ್ದರು?

ಇಲ್ಲೇ ಟವೆಲ್ಲಿನ ಕಥೆ. ಟಾಸ್ಕ್‌ಸೆಟ್ ಹೇಳುವುದು ಒಂದೇ ಮಾತು: ಮಿಕ್ಸರ್ 2ರಿಂದ 5ನ್ನು ಬಿಟ್ಟು ಹೊರಗೆ ಹೋಗಬಾರದು. ಬೇರೆಯವರು ಅಲ್ಲಿಗೆ ಬರಬಾರದು ಎಂದು ಅದು ಹೇಳುವುದೇ ಇಲ್ಲ. ಹಾಗಾಗಿ ಪರಿಸ್ಥಿತಿ ಇನ್ನೂ ಕೆಟ್ಟಿತ್ತು. ಮೊದಲಾದರೆ ಒಂದು ಕೋರಿನಲ್ಲಿ ನೂಕುನುಗ್ಗಲಾದರೆ ಶೆಡ್ಯೂಲರ್ ಮಿಕ್ಸರನ್ನು ಖಾಲಿ ಕೋರಿಗೆ ಸರಿಸುತ್ತಿದ್ದ. ಈಗ ಅವನ ಕೈ ಕಟ್ಟಿಹಾಕಿತ್ತು. ಪಕ್ಕದಲ್ಲಿ ಹತ್ತು ಸೀಟು ಖಾಲಿ ಇದ್ದರೂ ಮಿಕ್ಸರ್ ತನ್ನ ಸೀಟಿನ ಮುಂದೆ ನಿಂತೇ ಪ್ರಯಾಣ ಮಾಡಬೇಕು.

ಅಳೆದು ನೋಡಿದೆವು. ಮಿಕ್ಸರ್ ಏಳಬೇಕಾದ ಹೊತ್ತು, ನಿಜವಾಗಿ ಎದ್ದ ಹೊತ್ತು, ಎರಡರ ವ್ಯತ್ಯಾಸವನ್ನು ಪ್ರತಿ ಸಲ ಬರೆದಿಟ್ಟೆವು. ಸರಾಸರಿ ನೋಡಲಿಲ್ಲ, ದಿನದ ಅತಿ ಕೆಟ್ಟ ಕ್ಷಣಗಳನ್ನು ನೋಡಿದೆವು. ಈಗ ಇದಕ್ಕೆ ಒಳ್ಳೆಯ ಸಾಧನಗಳಿವೆ. ರೆಡ್ ಹ್ಯಾಟ್‌ನಲ್ಲಿದ್ದ ಡೇನಿಯಲ್ ಬ್ರಿಸ್ಟಾಟ್ ಡಿ ಒಲಿವೇರಾ ಬರೆದ ಓಎಸ್ ನಾಯ್ಸ್ ಎಂಬ ಟ್ರೇಸರ್ 2021ರಲ್ಲಿ 5.14ರ ಜೊತೆ ಲಿನಕ್ಸಿಗೆ ಸೇರಿತು. ಒಂದು ಕೋರಿನಲ್ಲಿ ನಿಮ್ಮ ಕೆಲಸವನ್ನು ಯಾರು ಎಷ್ಟು ಹೊತ್ತು ತಡೆದರು ಎಂದು ಅದು ಹೆಸರು ಹಿಡಿದು ಹೇಳುತ್ತದೆ. ಅವರು 2024ರಲ್ಲಿ ತೀರಿಕೊಂಡರು. ಈ ಕೆಲಸ ಮಾಡುವವರೆಲ್ಲ ಅವರಿಗೆ ಋಣಿಗಳು.

ನಾವು ಕಂಡ ಅತಿಥಿಗಳ ಪಟ್ಟಿ ಇದು.

1. ಬೇರೆ ಪ್ರೊಸೆಸ್ಸುಗಳು. ಪ್ರತಿ ಗಂಟೆಗೊಮ್ಮೆ ಲಾಗ್ ಕಡತಗಳನ್ನು ಕುಗ್ಗಿಸುವ ಕೆಲಸ ನಡೆಯುತ್ತಿತ್ತು. ಅದು ಎಲ್ಲ ಕೋರುಗಳಿಗೂ ಒಂದೊಂದು ಥ್ರೆಡ್ ಹರಡುತ್ತಿತ್ತು, ನಮ್ಮ ನಾಲ್ಕಕ್ಕೂ ಸೇರಿ.

2. ಇಂಟರಪ್ಟುಗಳು. ನೆಟ್‌ವರ್ಕ್ ಕಾರ್ಡಿನ ಹಲವು ಇಂಟರಪ್ಟುಗಳು 3ನೇ ಕೋರಿಗೇ ಬರುತ್ತಿದ್ದವು. ಇಂಟರಪ್ಟು ಬಂದರೆ ಯಾವ ಸಾಮಾನ್ಯ ಪ್ರೊಸೆಸ್ಸೂ ಪಕ್ಕಕ್ಕೆ ಸರಿಯಲೇಬೇಕು.

3. ಕರ್ನಲಿನ ಸ್ವಂತ ಕೆಲಸಗಾರರು. ಡಿಸ್ಕಿಗೆ ಬರೆಯುವ ಕೆಲಸ, ಮುಂದೂಡಿದ ಲೆಕ್ಕಗಳು, ಆರ್‌ಸಿಯು ಎಂಬ ಶುಚಿಗೊಳಿಸುವ ಕೆಲಸ, ಟೈಮರ್ ಟಿಕ್. ಮನೆಗೆಲಸದವರು ಯಾವ ಕೋಣೆಗೂ ಕೇಳದೆ ಬರುತ್ತಾರೆ.

4. ಹೈಪರ್‌ಥ್ರೆಡಿಂಗ್. ಇದು ಬಹಳ ಜನರ ಕಣ್ಣು ತಪ್ಪಿಸುತ್ತದೆ. ಆಪರೇಟಿಂಗ್ ಸಿಸ್ಟಮ್ಮಿಗೆ ಕಾಣುವ 32 ಸಿಪಿಯುಗಳು ನಿಜದಲ್ಲಿ 16 ಕೋರುಗಳ ಎರಡೆರಡು ಮುಖ. ನಮ್ಮ ಯಂತ್ರದಲ್ಲಿ 3 ಮತ್ತು 19 ಒಂದೇ ಕೋರು. 3ನ್ನು ಮೀಸಲಿಟ್ಟು 19ರಲ್ಲಿ ಲಾಗ್ ಕುಗ್ಗಿಸಿದರೆ ಒಂದೇ ಸೀಟಿನಲ್ಲಿ ಇಬ್ಬರು ಕೂತ ಹಾಗೆ.

5. ಮೆಮೊರಿ. ಎರಡು ಸಾಕೆಟ್ಟಿನ ಯಂತ್ರದಲ್ಲಿ ಪ್ರತಿ ಸಾಕೆಟ್ಟಿಗೂ ಹತ್ತಿರದ ಮೆಮೊರಿ ಬೇರೆ, ದೂರದ ಮೆಮೊರಿ ಬೇರೆ. ಕೋರು ಇಲ್ಲಿ, ದತ್ತಾಂಶ ಅಲ್ಲಿ ಎಂದಾದರೆ ಪ್ರತಿ ಸಲವೂ ಓಡಾಟ.

ಮೀಸಲು ಎಂದರೆ ನಮ್ಮವನನ್ನು ಕೂರಿಸುವುದಲ್ಲ, ಉಳಿದವರನ್ನೆಲ್ಲ ಎಬ್ಬಿಸಿ ಅವರಿಗೆ ಬೇರೆ ಜಾಗ ತೋರಿಸುವುದು. ಈ ಎರಡನೆಯ ಅರ್ಧ ಮಾಡದಿದ್ದರೆ ಮೊದಲನೆಯ ಅರ್ಧ ಮಾಡದಿರುವುದೇ ಲೇಸು.

ಎಬ್ಬಿಸುವ ಬಗೆ

ಎಬ್ಬಿಸಲು ಎರಡು ದಾರಿಗಳಿವೆ. ಹಳೆಯದು ಬೂಟ್ ಮಾಡುವಾಗಲೇ ಕೊಡುವ ಐಸೋಲ್‌ಸಿಪಿಯೂಸ್ ಸೂಚನೆ. ಅದರಲ್ಲಿ ಹೆಸರಿಸಿದ ಕೋರುಗಳನ್ನು ಶೆಡ್ಯೂಲರ್ ತನ್ನ ಸಮತೋಲನದ ಲೆಕ್ಕದಿಂದಲೇ ಹೊರಗಿಡುತ್ತಾನೆ. ಇದರಲ್ಲೊಂದು ಹೊಂಡವಿದೆ, ಎಚ್ಚರ. ಆ ಕೋರುಗಳ ನಡುವೆಯೂ ಅವನು ಸಮತೋಲನ ಮಾಡುವುದಿಲ್ಲ. ಹತ್ತು ಥ್ರೆಡ್ಡಿನ ಪ್ರೋಗ್ರಾಮನ್ನು ನಾಲ್ಕು ಮೀಸಲು ಕೋರುಗಳಿಗೆ ಒಟ್ಟಾಗಿ ಬಿಟ್ಟರೆ ಹತ್ತೂ ಮೊದಲನೆಯ ಕೋರಿನಲ್ಲೇ ಗುಂಪುಗೂಡಿ ಕೂರಬಹುದು, ಉಳಿದ ಮೂರು ಖಾಲಿ. ಪ್ರತಿ ಥ್ರೆಡ್ಡನ್ನೂ ನೀವೇ ಒಂದೊಂದು ಕೋರಿಗೆ ಕಟ್ಟಬೇಕು. ಕರ್ನಲಿನ ಕೈಪಿಡಿಯೇ ಈ ಸೂಚನೆಯ ಬದಲು ಸಿಪಿಯುಸೆಟ್ ಬಳಸಿ ಎನ್ನುತ್ತದೆ. ಆದರೂ ಇದು ಎಲ್ಲೆಲ್ಲೂ ಬಳಕೆಯಲ್ಲಿದೆ.

ಇನ್ನೊಂದು ದಾರಿ ಸಿಪಿಯುಸೆಟ್ ವಿಭಾಗ. ಸಿಗ್ರೂಪ್‌ಗಳ ಎರಡನೆಯ ಆವೃತ್ತಿಯಲ್ಲಿ ಕೆಲವು ಕೋರುಗಳನ್ನು ಒಂದು ಪ್ರತ್ಯೇಕ ವಿಭಾಗವೆಂದು ಘೋಷಿಸಬಹುದು. ಹೊರಗಿನ ಪ್ರೊಸೆಸ್ಸುಗಳು ಒಳಗೆ ಬರುವುದಿಲ್ಲ, ಒಳಗಿನ ಥ್ರೆಡ್ಡುಗಳ ನಡುವೆ ಸಮತೋಲನ ನಡೆಯುತ್ತದೆ. ಯಂತ್ರವನ್ನು ಮತ್ತೆ ಬೂಟ್ ಮಾಡದೆಯೇ ಗಡಿ ಬದಲಿಸಬಹುದು. ನಮ್ಮ ಮಿಕ್ಸರಿಗೆ ಬೇಕಾಗಿದ್ದು ಇದೇ.

ಆಮೇಲೆ ಇಂಟರಪ್ಟುಗಳ ಸರದಿ. ಪ್ರೊಕ್ ಕೋಶದಲ್ಲಿರುವ ಇಂಟರಪ್ಟ್ಸ್ ಕಡತ ತೆಗೆದು ಯಾವ ಸಾಧನ ಯಾವ ಕೋರಿಗೆ ಎಷ್ಟು ಸಲ ತಟ್ಟಿದೆ ನೋಡಿ. ಅವನ್ನು ಮೀಸಲಿಲ್ಲದ ಕೋರುಗಳಿಗೆ ಸರಿಸಿ. ಐಆರ್‌ಕ್ಯೂ ಬ್ಯಾಲೆನ್ಸ್ ಎಂಬ ಸೇವೆ ಹಿನ್ನೆಲೆಯಲ್ಲಿ ಓಡುತ್ತಿದ್ದರೆ ನಿಮ್ಮ ಮೀಸಲು ಕೋರುಗಳ ಪಟ್ಟಿಯನ್ನು ಅದಕ್ಕೂ ತಿಳಿಸಿ. ಇಲ್ಲವಾದರೆ ನೀವು ಬೆಳಿಗ್ಗೆ ಸರಿಸಿದ್ದನ್ನು ಅದು ಸಂಜೆಯೊಳಗೆ ವಾಪಸ್ಸು ತಂದಿಟ್ಟಿರುತ್ತದೆ.

ಹೈಪರ್‌ಥ್ರೆಡ್ ಜೋಡಿಯನ್ನು ಒಟ್ಟಿಗೇ ಮೀಸಲಿಡಿ. ನಾವು 2ರಿಂದ 5ರ ಜೊತೆಗೆ 18ರಿಂದ 21ನ್ನೂ ತೆಗೆದುಕೊಂಡು ಅವನ್ನು ಖಾಲಿ ಬಿಟ್ಟೆವು. ಮೆಮೊರಿಯನ್ನು ಅದೇ ಸಾಕೆಟ್ಟಿನ ಹತ್ತಿರದಿಂದ ತೆಗೆದುಕೊಳ್ಳುವಂತೆ ಸಿಪಿಯುಸೆಟ್ಟಿನಲ್ಲೇ ಹೇಳಿದೆವು.

ಟಿಕ್ ನಿಲ್ಲಿಸುವುದು, ಸಿಪಿಯು ಆಳವಾದ ನಿದ್ದೆಗೆ ಹೋಗದಂತೆ ತಡೆಯುವುದು, ಬಯಾಸ್ ಮಟ್ಟದ ಇಂಟರಪ್ಟುಗಳನ್ನು ಹುಡುಕುವುದು, ಇವು ಮುಂದಿನ ಮೆಟ್ಟಿಲುಗಳು. ನಾವು ಅಲ್ಲಿಗೆ ಹೋಗಲಿಲ್ಲ. ಅವು ಮೈಕ್ರೋಸೆಕೆಂಡ್ ಎಣಿಸುವವರಿಗೆ. ನಮ್ಮ ಗಡುವು 20 ಮಿಲಿಸೆಕೆಂಡು. ಟಿಕ್ ನಿಲ್ಲಿಸುವ ಸೌಲಭ್ಯ ಕೆಲಸ ಮಾಡುವುದೂ ಆ ಕೋರಿನಲ್ಲಿ ಓಡಲು ಒಂದೇ ಥ್ರೆಡ್ ಇದ್ದಾಗ ಮಾತ್ರ. ಬೇಕಾದಷ್ಟು ಆದ ಮೇಲೆ ನಿಲ್ಲಿಸುವುದೂ ಇಂಜಿನಿಯರಿಂಗೇ.

ಫಲ? ಗಂಟೆಗೊಮ್ಮೆ ಬರುತ್ತಿದ್ದ ತಡ ಹೋಯಿತು. ಅಕ್ಷರ ನುಂಗುವ ದೂರು ನಿಂತಿತು. ಹೊಸ ಯಂತ್ರ ಕೊಳ್ಳಲಿಲ್ಲ.

ಒಂದು ಸೀಟು ಖಾಲಿ ಬಿಟ್ಟರೆ ಬಸ್ಸು ಬೇಗ ಹೋಗುತ್ತದೆಯೇ?

'ನಾಲ್ಕು ಸಿಪಿಯು ಖಾಲಿ ಬಿಡುವುದೇ? ದುಂದು!' ಎನ್ನುವವರಿಗೆ ನಾನು ಹೇಳುವ ಕಥೆ ಲಾಸ್ ಅಲಮೋಸ್ ಪ್ರಯೋಗಾಲಯದ ಎಎಸ್‌ಸಿಐ ಕ್ಯೂ ಎಂಬ ಸೂಪರ್‌ಕಂಪ್ಯೂಟರಿನದು. ಅದರ 8192 ಪ್ರೊಸೆಸರುಗಳು ಒಂದೊಂದು ಯಂತ್ರಕ್ಕೆ ನಾಲ್ಕರಂತೆ ಹಂಚಿದ್ದವು. ಅಲ್ಲಿನ ಸೇಜ್ ಎಂಬ ಪ್ರೋಗ್ರಾಮು ಲೆಕ್ಕ ಹಾಕಿದ್ದಕ್ಕಿಂತ ಬಹಳ ನಿಧಾನವಾಗಿತ್ತು. ಪೆಟ್ರಿನಿ, ಕರ್ಬಿಸನ್ ಮತ್ತು ಪೇಕಿನ್ ಎಂಬ ಮೂವರು 2003ರಲ್ಲಿ ಇದರ ಬಗ್ಗೆ ಬರೆದ ಪ್ರಬಂಧ ಈ ವಿಷಯದಲ್ಲಿ ಎಲ್ಲರೂ ಓದಬೇಕಾದದ್ದು. ಯಂತ್ರಕ್ಕೆ ನಾಲ್ಕರ ಬದಲು ಮೂರೇ ಪ್ರೊಸೆಸರ್ ಬಳಸಿದಾಗ ಕೆಲಸ ಬೇಗ ಮುಗಿಯುತ್ತಿತ್ತು! ನಾಲ್ಕನೆಯದು ಆಪರೇಟಿಂಗ್ ಸಿಸ್ಟಮ್ಮಿನ ಸಣ್ಣಪುಟ್ಟ ಕೆಲಸಗಳನ್ನು ನುಂಗಿಕೊಳ್ಳುತ್ತಿತ್ತು.

ಕಾರಣ ಸರಳ. ಸಾವಿರಾರು ಪ್ರೊಸೆಸರುಗಳು ಪ್ರತಿ ಹೆಜ್ಜೆಯಲ್ಲೂ ಒಬ್ಬರಿಗೊಬ್ಬರು ಕಾಯುತ್ತವೆ. ಯಾವುದಾದರೂ ಒಂದು ಕ್ಷಣಕಾಲ ತಡವಾದರೂ ಎಲ್ಲರೂ ತಡ. ಊರಿಗೆ ಹೊರಟ ದಿಬ್ಬಣ ಕೊನೆಯವರಿಗಾಗಿ ನಿಂತ ಹಾಗೆ. ಆ ಗದ್ದಲವನ್ನು ಹುಡುಕಿ ತೆಗೆದ ಮೇಲೆ ಹಾರ್ಡ್‌ವೇರ್ ಬದಲಿಸದೆಯೇ ಆ ಪ್ರೋಗ್ರಾಮಿನ ವೇಗ ದುಪ್ಪಟ್ಟಾಯಿತು.

ಮನೆಗೆಲಸಕ್ಕೆ ಒಂದಷ್ಟು ಕೋರು ಬಿಡಲೇಬೇಕು ಎಂಬುದು ಇದರ ಇನ್ನೊಂದು ಪಾಠ. ಅಡುಗೆಮನೆಯನ್ನೂ ಅತಿಥಿಗಳಿಗೆ ಮಲಗಲು ಕೊಟ್ಟರೆ ಬೆಳಿಗ್ಗೆ ಕಾಫಿ ಯಾರಿಗೂ ಇಲ್ಲ.

ಗೋಡೆ ಕಟ್ಟಿದರೂ ಬಾವಿ ಒಂದೇ

ಕೋರು ಪೂರ್ತಿ ನಮ್ಮದಾಯಿತು ಎಂದುಕೊಳ್ಳೋಣ. ಆಗಲೂ ಕೊನೆಯ ಹಂತದ ಕ್ಯಾಶ್, ಮೆಮೊರಿಗೆ ಹೋಗುವ ದಾರಿ ಎಲ್ಲರಿಗೂ ಒಂದೇ. ಗೋಡೆ ಹಾಕಿ ಮನೆ ಪಾಲು ಮಾಡಿಕೊಂಡ ಅಣ್ಣತಮ್ಮಂದಿರಿಗೆ ಹಿತ್ತಲ ಬಾವಿ ಒಂದೇ ಆದರೆ ಆಗುವ ಕಥೆಯೇ ಇಲ್ಲೂ ಆಗುತ್ತದೆ. ಪಕ್ಕದ ಕೋರಿನವನು ಮೆಮೊರಿಯನ್ನು ಜೋರಾಗಿ ಸೇದಿದರೆ ನಮ್ಮ ಕೊಡಕ್ಕೆ ನೀರು ತಡ.

ಇದು ಬರೀ ಪುಸ್ತಕದ ಮಾತಲ್ಲ. ವಾಷಿಂಗ್ಟನ್ನಿನಲ್ಲಿರುವ ವಿಮಾನಯಾನ ಆಡಳಿತ ಎಫ್‌ಎಎ 2024ರ ಜನವರಿಯಲ್ಲಿ ಮಲ್ಟಿಕೋರ್ ಪ್ರೊಸೆಸರುಗಳ ಬಳಕೆಗೆಂದೇ ಎಸಿ 20-193 ಎಂಬ ಮಾರ್ಗಸೂಚಿ ಹೊರಡಿಸಿತು. ಅದಕ್ಕೆ ಮೊದಲು ಕಾಸ್ಟ್-32ಎ ಎಂಬ 2016ರ ಟಿಪ್ಪಣಿ ಇತ್ತು. ಸಾರಾಂಶ ಇಷ್ಟು: ಒಂದೇ ಚಿಪ್ಪಿನ ಕೋರುಗಳು ಹಂಚಿಕೊಳ್ಳುವ ಕ್ಯಾಶ್, ಮೆಮೊರಿ ಮೊದಲಾದ ದಾರಿಗಳಲ್ಲಿ ಒಂದು ಸಾಫ್ಟ್‌ವೇರ್ ಇನ್ನೊಂದಕ್ಕೆ ಹೇಗೆ ಅಡ್ಡ ಬರಬಹುದು ಎಂದು ನೀವೇ ಹುಡುಕಿ, ಅಳೆದು, ತಡೆದು ತೋರಿಸಬೇಕು. 'ನಾನು ಕೋರು ಬೇರೆ ಇಟ್ಟಿದ್ದೇನೆ' ಎಂದರೆ ಸಾಲದು.

ಚಾಪೆಲ್ ಹಿಲ್‌ನ ಉತ್ತರ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಜೇಮ್ಸ್ ಆಂಡರ್ಸನ್ ಅವರ ತಂಡ ಇದೇ ಪ್ರಶ್ನೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದೆ. ಲಿನಕ್ಸಿನ ಒಳಗೇ ಬೇರೆ ಬೇರೆ ಶೆಡ್ಯೂಲರುಗಳನ್ನು ಕೂರಿಸಿ ಅಳೆಯಲು ಅವರು ಕಟ್ಟಿದ ಲಿಟ್ಮಸ್ ಆರ್‌ಟಿ 2006ರಿಂದ ಬೆಳೆದುಬಂದಿದೆ. ಅಲ್ಲೇ ಓದಿದ ಬ್ಯೋರ್ನ್ ಬ್ರಾಂಡೆನ್‌ಬರ್ಗ್ ಅವರ 2011ರ ಸಂಶೋಧನಾ ಪ್ರಬಂಧ ನಮ್ಮಂಥ ಕೈಕೆಲಸದವರಿಗೂ ಉಪಯುಕ್ತ. ಗಡುವು ಒಮ್ಮೆಯೂ ತಪ್ಪಬಾರದು ಎಂಬಲ್ಲಿ ಕೆಲಸಗಳನ್ನು ಕೋರುಗಳಿಗೆ ಕಟ್ಟಿಹಾಕಿದ ವಿಧಾನ ಗೆಲ್ಲುತ್ತದೆ. ಸ್ವಲ್ಪ ತಡ ಸಹಿಸಿಕೊಳ್ಳಬಹುದು ಎಂಬಲ್ಲಿ ಕೆಲವು ಕೋರುಗಳ ಗುಂಪಿಗೆ ಒಟ್ಟಾಗಿ ಹಂಚುವುದು ಒಳ್ಳೆಯದು. ಅಂದರೆ ನೀವು ಯಾವ ಬಗೆಯ ಗಡುವಿನವರು ಎಂದು ಮೊದಲು ತಿಳಿದುಕೊಳ್ಳಿ, ಮೀಸಲಿನ ಬಗೆ ಆಮೇಲೆ.

ಕ್ಯಾಶನ್ನೂ ಪಾಲು ಮಾಡುವ ಅನುಕೂಲ ಇಂಟೆಲ್‌ನ ಕೆಲವು ಸರ್ವರ್ ಪ್ರೊಸೆಸರುಗಳಲ್ಲಿದೆ. 2017ರ 4.10ರಿಂದ ಲಿನಕ್ಸಿನಲ್ಲಿ ಅದನ್ನು ಬಳಸಬಹುದು. ಆದರೆ ಅಳತೆ ಹೇಳದೆ ಅಲ್ಲಿಗೆ ಕೈ ಹಾಕಬೇಡಿ.

ಮುಖ್ಯ ಬೇರೆ, ಅವಸರ ಬೇರೆ

ಈಗ ಎರಡನೆಯ ಭಾಗ. ನಮ್ಮ ಮಿಕ್ಸರ್ ಸರಿಹೋದ ಸುದ್ದಿ ಹಬ್ಬಿತು. ಎರಡೇ ವಾರದಲ್ಲಿ ಅದೇ ಯಂತ್ರಗಳನ್ನು ಬಳಸುವ ಇನ್ನೂ ಮೂರು ತಂಡಗಳು 'ನಮಗೂ ನಾಲ್ಕು ನಾಲ್ಕು ಕೋರು ಮೀಸಲಿಡಿ' ಎಂದು ಬಂದವು. ಬಿಲ್ಲಿಂಗ್, ವರದಿ, ಡೇಟಾಬೇಸ್. ಎಲ್ಲರ ವಾದವೂ ಒಂದೇ: ನಮ್ಮದು ಬಹಳ ಮುಖ್ಯವಾದ ಅಪ್ಲಿಕೇಶನ್.

ನಾಲ್ಕು ನಾಲ್ಕಲಿ ಹದಿನಾರು. ಯಂತ್ರದಲ್ಲಿ ಇರುವುದೇ ಹದಿನಾರು. ಎಲ್ಲರಿಗೂ ಮೀಸಲಿಟ್ಟರೆ ಆಪರೇಟಿಂಗ್ ಸಿಸ್ಟಮ್ ಎಲ್ಲಿ ಕೂರಬೇಕು? ಅಲ್ಲದೆ ಬಿಲ್ಲಿಂಗ್ ತಂಡದವರಿಗೆ ನಮ್ಮ ಮೇಲೆ ನ್ಯಾಯವಾದ ಸಿಟ್ಟೇ ಇತ್ತು. ಮೊದಲು ಅವರ ರಾತ್ರಿಯ ಲೆಕ್ಕಕ್ಕೆ ಹದಿನಾರೂ ಕೋರು ಸಿಗುತ್ತಿದ್ದವು, ಈಗ ಹನ್ನೆರಡು. ಅವರ ಕೆಲಸ ನಿಧಾನವಾಗಿತ್ತು. ಮೀಸಲಿಟ್ಟ ಪ್ರತಿಯೊಂದು ಕೋರೂ ಯಾರದೋ ಕೈಯಿಂದ ತೆಗೆದುಕೊಂಡದ್ದು. ಅದು ಖಾಲಿ ಕೂತಾಗಲೂ ಅವರಿಗೆ ಸಿಗುವುದಿಲ್ಲ. ಇದನ್ನು ಮುಚ್ಚಿಡಬಾರದು.

ಕೊನೆಗೆ ಎಲ್ಲರೂ ಕೂತು ಒಂದು ಪ್ರಶ್ನೆ ಕೇಳಿಕೊಂಡೆವು: ನಿಮ್ಮ ಕೆಲಸ ಎಷ್ಟು ತಡವಾದರೆ ಅದರ ಬೆಲೆ ಶೂನ್ಯವಾಗುತ್ತದೆ? ಬಿಲ್ಲಿಂಗ್ ತುಂಬಾ ಮುಖ್ಯ, ಅದಿಲ್ಲದೆ ನಮಗೆ ಸಂಬಳವಿಲ್ಲ. ಆದರೆ ಬೆಳಿಗ್ಗೆಯೊಳಗೆ ಮುಗಿದರೆ ಸಾಕು. ಅಳೆದೆವು, ಹನ್ನೆರಡು ಕೋರಿನಲ್ಲೂ ಬೆಳಗಾಗುವ ಮೊದಲು ಮುಗಿಯುತ್ತಿತ್ತು. ವರದಿ ಹತ್ತು ನಿಮಿಷ ತಡವಾದರೂ ವರದಿಯೇ. 'ತೊಗೋಬಾರದು' ಎಂಬ ಮಾತಿನ ಕೊನೆಯ ಅಕ್ಷರ ಮಾತ್ರ ಕಾಲು ಸೆಕೆಂಡು ತಡವಾಗಿ ಬಂದರೆ ಪ್ರಯೋಜನವಿಲ್ಲ.

ಹಾಗಾಗಿ ನಮ್ಮ ತಂಡಗಳ ನಿಯಮ ಹೀಗಾಯಿತು. ಮುಖ್ಯವಾದ ಕೆಲಸಕ್ಕೆ ಹೆಚ್ಚು ಪಾಲು ಕೊಡಬಹುದು, ಆದ್ಯತೆ ಕೊಡಬಹುದು. ಮೀಸಲು ಮಾತ್ರ ಗಡುವಿನ ಕೆಲಸಕ್ಕೆ. ಅದನ್ನೂ ಕೇಳುವವರು ಅಳತೆ ತೋರಿಸಿಯೇ ಕೇಳಬೇಕು. ವರ್ಷಕ್ಕೊಮ್ಮೆ ಮತ್ತೆ ಅಳೆಯಬೇಕು. ಬೇಡವಾದ ದಿನ ಬಿಟ್ಟುಕೊಡಬೇಕು.

ಅಟ್ಲಾಂಟಾದ ಗೆಳೆಯರೇ, ನಿಮ್ಮಲ್ಲಿ ಬಹಳ ಜನ ಕಾರ್ಡ್ ಪಾವತಿಯ ಕ್ಷೇತ್ರದಲ್ಲಿದ್ದೀರಿ. ಅಂಗಡಿಯಲ್ಲಿ ಕಾರ್ಡ್ ಉಜ್ಜಿದವನು ಒಂದೆರಡು ಸೆಕೆಂಡು ಕಾಯುತ್ತಾನೆ. ಕೋಟ್ಯಂತರ ರೂಪಾಯಿ ಡಾಲರಿನ ವ್ಯವಹಾರ, ಮುಖ್ಯವೇ ಸರಿ. ಆದರೆ ಅಲ್ಲಿ ಕೋರ್ ಮೀಸಲಿಡುವ ಮುಂಚೆ ಡೇಟಾಬೇಸ್ ಕ್ವೆರಿ ನೋಡಿ. ಅದೇ ಊರಿನಲ್ಲಿ 2000ದಲ್ಲಿ ಹುಟ್ಟಿ, 2013ರಲ್ಲಿ ನ್ಯೂಯಾರ್ಕ್ ಸ್ಟಾಕ್ ಎಕ್ಸ್‌ಚೇಂಜನ್ನೇ ಕೊಂಡ ಇಂಟರ್‌ಕಾಂಟಿನೆಂಟಲ್ ಎಕ್ಸ್‌ಚೇಂಜ್ ಇದೆ. ಅಂಥ ಮಾರುಕಟ್ಟೆಗಳಿಗೆ ವೇಗವಾಗಿ ಆರ್ಡರ್ ಕಳಿಸುವವರದು ಮೈಕ್ರೋಸೆಕೆಂಡಿನ ಲೆಕ್ಕ. ಅವರು ಕರ್ನಲನ್ನೇ ದಾಟಿ ನೆಟ್‌ವರ್ಕ್ ಕಾರ್ಡಿನಿಂದ ನೇರವಾಗಿ ಓದುವ ಥ್ರೆಡ್ಡಿಗೆ ಇಡೀ ಕೋರು ಬಿಟ್ಟುಕೊಡುತ್ತಾರೆ. ಅದು ಕೆಲಸವಿರಲಿ ಬಿಡಲಿ ನೂರಕ್ಕೆ ನೂರು ತಿರುಗುತ್ತಲೇ ಇರುತ್ತದೆ. ಅವರಿಗದು ಸರಿ. ನಿಮಗೆ ಸರಿಯೇ ಎಂಬುದನ್ನು ನಿಮ್ಮ ಗಡುವು ಹೇಳಬೇಕು.

ಕೆಲವು ಪ್ರಶ್ನೆಗಳು

ಮಾತಿನ ನಂತರ ಸಭಿಕರು ಕೇಳಿದವುಗಳಲ್ಲಿ ಮೂರನ್ನು ಇಲ್ಲಿ ಸೇರಿಸಿದ್ದೇನೆ.

'ನಮ್ಮದೆಲ್ಲ ಕ್ಲೌಡಿನಲ್ಲಿದೆ. ಅಲ್ಲಿ ಕೋರ್ ಮೀಸಲಿಡಬಹುದೇ?' ಉತ್ತರ ವರ್ಜೀನಿಯಾದ ಡೇಟಾ ಸೆಂಟರುಗಳಲ್ಲಿ ನೀವು ಬಾಡಿಗೆಗೆ ಪಡೆಯುವ ವಿಸಿಪಿಯು ಇಂಟೆಲ್ ಯಂತ್ರಗಳಲ್ಲಿ ಬಹುಮಟ್ಟಿಗೆ ಒಂದು ಹೈಪರ್‌ಥ್ರೆಡ್ ಅಷ್ಟೇ, ಪೂರ್ತಿ ಕೋರಲ್ಲ. ನಿಮ್ಮ ಲಿನಕ್ಸಿನೊಳಗೆ ನೀವು ಎಷ್ಟೇ ಮೀಸಲಿಟ್ಟರೂ ಕೆಳಗಿನ ಹೈಪರ್‌ವೈಸರಿಗೆ ಅದು ಗೊತ್ತಿಲ್ಲ. ಬಾಡಿಗೆ ಮನೆಯಲ್ಲಿ ಕೋಣೆಗೆ ಬೀಗ ಹಾಕಿದ ಹಾಗೆ. ಮನೆ ಮಾಲೀಕನ ಬಳಿ ಇನ್ನೊಂದು ಕೀಲಿಕೈ ಇರುತ್ತದೆ. ಟಾಪ್ ಆಜ್ಞೆಯಲ್ಲಿ ಸ್ಟೀಲ್ ಎಂಬ ಅಂಕಿ ನೋಡಿ, ನಿಮ್ಮ ಸಮಯ ಎಷ್ಟು ಕಳುವಾಗಿದೆ ಎಂದು ಅದು ಹೇಳುತ್ತದೆ. ನಿಜವಾಗಿ ಗಡುವಿದ್ದರೆ ಪೂರ್ತಿ ಯಂತ್ರವನ್ನೇ ಬಾಡಿಗೆಗೆ ಪಡೆಯಿರಿ. ಹೈಪರ್‌ಥ್ರೆಡ್ ಜೋಡಿಯನ್ನು ಅಪರಿಚಿತರ ಜೊತೆ ಹಂಚಿಕೊಳ್ಳುವುದು ಭದ್ರತೆಗೂ ಒಳ್ಳೆಯದಲ್ಲ ಎಂದು 2018ರಿಂದ ಒಂದರ ಹಿಂದೊಂದು ಬಯಲಾದ ಪ್ರೊಸೆಸರ್ ದೋಷಗಳು ತೋರಿಸಿವೆ. ನಂಬಿಕೆ ಇರುವವರನ್ನು ಮಾತ್ರ ಒಂದು ಕೋರಿನಲ್ಲಿ ಜೊತೆಗೆ ಕೂರಿಸುವ ಕೋರ್ ಶೆಡ್ಯೂಲಿಂಗ್ 2021ರಲ್ಲಿ ಲಿನಕ್ಸಿಗೆ ಬಂದದ್ದು ಅದಕ್ಕಾಗಿಯೇ.

'ಮೀಸಲಿನ ಬದಲು ರಿಯಲ್ ಟೈಮ್ ಆದ್ಯತೆ ಕೊಟ್ಟರೆ ಆಗದೇ?' ಎಷ್ಟೋ ಸಲ ಆಗುತ್ತದೆ, ಅಗ್ಗವೂ ಹೌದು. ಮೊದಲು ಅದನ್ನೇ ಪ್ರಯತ್ನಿಸಿ. ಕೋರು ಎಲ್ಲರದಾಗಿಯೇ ಉಳಿಯುತ್ತದೆ, ನಿಮ್ಮವನು ಬಂದಾಗ ಉಳಿದವರು ಎದ್ದು ನಿಲ್ಲುತ್ತಾರೆ. ಆದರೆ ಇಂಟರಪ್ಟುಗಳು, ಹೈಪರ್‌ಥ್ರೆಡ್ ಜೋಡಿಯ ಕಾಟ ಅದರಿಂದ ಹೋಗುವುದಿಲ್ಲ. ನಿಮ್ಮ ಥ್ರೆಡ್ ಎಲ್ಲೋ ತಿರುಗುತ್ತಾ ಸಿಕ್ಕಿಕೊಂಡರೆ ಅದೇ ಕೋರಿನ ಉಳಿದವರೆಲ್ಲ ಉಪವಾಸ.

'ಸೋಮವಾರ ಆಫೀಸಿಗೆ ಹೋಗಿ ಮೊದಲು ಏನು ಮಾಡಲಿ?' ನಿಮ್ಮ ಯಂತ್ರಗಳಲ್ಲಿ ಟಾಸ್ಕ್‌ಸೆಟ್ ಎಲ್ಲೆಲ್ಲಿ ಬಳಸಿದ್ದಾರೆ ಹುಡುಕಿ. ಅಂಥ ಒಂದೊಂದು ಕೋರಿನಲ್ಲೂ ಬೇರೆ ಯಾರು ಓಡುತ್ತಿದ್ದಾರೆ, ಎಷ್ಟು ಇಂಟರಪ್ಟು ಬರುತ್ತಿದೆ ನೋಡಿ. ಯಾರೂ ಇಲ್ಲದಿದ್ದರೆ ಸಂತೋಷ. ಇದ್ದರೆ ಅವರನ್ನು ಎಬ್ಬಿಸಿ, ಇಲ್ಲವೇ ಟವೆಲ್ ತೆಗೆದುಬಿಡಿ.

 ಮುಂದಿನ ತಿಂಗಳು ನಿಮ್ಮಲ್ಲೇ ಒಬ್ಬರು ಮಾತಾಡಿ, ನಾನು ಕೇಳುತ್ತೇನೆ.